ದೇವರ ದೀಪ, ಬಡವರ ಎಣ್ಣೆ

ದೇವರ ಮುಂದೆ ದೀಪ ಹಚ್ಚಬೇಕೆ ಬೇಡವೆ ಎಂಬುದು ಶ್ರದ್ಧೆಯ ಪ್ರಶ್ನೆ. ಅದನ್ನು ಅವರವರ ಮನಸ್ಸಿಗೆ ಬಿಡುವುದೇ ಲೇಸು. ಆದರೆ ಹಚ್ಚುವ ದೀಪಕ್ಕೆ ಎಷ್ಟು ಎಣ್ಣೆ ಬೇಕು, ಅದು ಯಾವ ಎಣ್ಣೆಯಾಗಿರಬೇಕು, ಅದರ ವೆಚ್ಚವನ್ನು ಯಾರು ಹೊರಬೇಕು ಎಂಬವು ಲೆಕ್ಕದ ಪ್ರಶ್ನೆಗಳು. ಸ್ವಲ್ಪ ಆಳಕ್ಕೆ ಹೋದರೆ ನ್ಯಾಯದ ಪ್ರಶ್ನೆಗಳು. ಶ್ರದ್ಧೆಯ ವಿಷಯವನ್ನು ಚರ್ಚಿಸುವಾಗ ನಮ್ಮ ಜನ ಮಾತಿಗೆ ಬರಗಾಲ ತರುವುದಿಲ್ಲ. ಲೆಕ್ಕದ ವಿಷಯ ಬಂದೊಡನೆ ಮಾತ್ರ, ದೇವರ ಮುಂದೆ ಲೆಕ್ಕವೇನು ಎಂದು ಬಾಯಿ ಮುಚ್ಚಿಸುತ್ತಾರೆ. ಈ ಬಾಯಿ ಮುಚ್ಚಿಸುವಿಕೆಯಿಂದ ಲಾಭವಾಗುವುದು ದೇವರಿಗೂ ಅಲ್ಲ, ಭಕ್ತನಿಗೂ ಅಲ್ಲ. ನಡುವೆ ನಿಂತು ಸೀಸೆ ಮಾರುವವನಿಗೆ ಎಂಬುದು ನನ್ನ ನಮ್ರ ಅಭಿಪ್ರಾಯ.

ಕಾರ್ತಿಕ ಮಾಸ ಬಂತೆಂದರೆ ಗದಗ-ಬೆಟಗೇರಿಯ ಕಿರಾಣಿ ಅಂಗಡಿಗಳ ಮುಂದೆ ಬಣ್ಣಬಣ್ಣದ ಸೀಸೆಗಳು ಸಾಲುಗಟ್ಟಿ ನಿಲ್ಲುತ್ತವೆ. ಅವುಗಳ ಮೇಲೆ ದೇವ-ದೇವಿಯರ ಚಿತ್ರ. ಕೆಳಗೆ ‘ದೀಪದ ಎಣ್ಣೆ’ ಎಂಬ ಹೆಸರು. ಕೆಲವು ಮೂರು ಎಣ್ಣೆ ಕೂಡಿದವು, ಕೆಲವು ಐದು ಎಣ್ಣೆ ಕೂಡಿದವು. ಐಶ್ವರ್ಯ, ಆರೋಗ್ಯ, ಶಾಂತಿ ಎಲ್ಲವನ್ನೂ ತರುವವೆಂಬ ಆಶ್ವಾಸನೆ ಬೇರೆ. ಮೂಲೆಯಲ್ಲಿ, ಕನ್ನಡಕವಿಲ್ಲದೆ ಓದಲಾಗದ ಅಕ್ಷರಗಳಲ್ಲಿ, ಇದು ತಿನ್ನಲು ಯೋಗ್ಯವಲ್ಲ ಎಂಬ ಸೂಚನೆ. ಆ ಐದು ಎಣ್ಣೆಗಳು ಯಾವುವು, ಯಾವುದು ಎಷ್ಟು ಪಾಲು ಎಂದು ನಾನು ಎಷ್ಟೋ ಸೀಸೆಗಳನ್ನು ತಿರುಗಿಸಿ ನೋಡಿದ್ದೇನೆ. ಬಹಳ ಸಲ ನನಗೆ ಸಿಕ್ಕದ್ದು ಸುವಾಸನೆಯ ವರ್ಣನೆ ಮಾತ್ರ. ಕೂಲಿಯ ದುಡ್ಡನ್ನು ಸೆರಗಿನ ಗಂಟಿನಿಂದ ಬಿಚ್ಚಿ ಕೊಡುವ ತಾಯಿ, ತಾನು ಕೊಳ್ಳುತ್ತಿರುವುದು ಏನು ಎಂದು ತಿಳಿಯದೆಯೇ ಕೊಳ್ಳುತ್ತಾಳೆ. ಅಗ್ಗವಾದದ್ದನ್ನು ಕೊಂಡರೆ ದೇವರಿಗೆ ಕಡಮೆ ಮಾಡಿದಂತಾದೀತೆಂಬ ಅಳುಕು. ತುಟ್ಟಿಯದನ್ನು ಕೊಂಡರೆ ಒಗ್ಗರಣೆಗೆ ಕಡಮೆ. ಈ ಇಕ್ಕಟ್ಟು ಸಣ್ಣದೆಂದು ನಾನು ತಿಳಿಯಲಾರೆ.

ನಮ್ಮ ಹಿಂದಿನವರು ಈ ಇಕ್ಕಟ್ಟನ್ನು ಬಲ್ಲವರಾಗಿದ್ದರು. ದೀಪ ಉರಿಯಬೇಕಾದರೆ ಎಣ್ಣೆ ಬೇಕು, ಎಣ್ಣೆ ಬರಬೇಕಾದರೆ ಯಾವುದೋ ಹೊಲ, ಯಾವುದೋ ಗಾಣ ದುಡಿಯಬೇಕು ಎಂಬುದನ್ನು ಅವರು ಕಲ್ಲಿನ ಮೇಲೆಯೇ ಬರೆದಿಟ್ಟರು. ಕನ್ನಡ ನಾಡಿನ ಶಾಸನಗಳಲ್ಲಿ ‘ನಂದಾದೀವಿಗೆ’, ‘ಸೊಡರೆಣ್ಣೆ’ ಎಂಬ ಶಬ್ದಗಳು ಮೇಲಿಂದ ಮೇಲೆ ಬರುತ್ತವೆ. ಊರಿನ ತೆಲ್ಲಿಗರು, ಎಂದರೆ ಎಣ್ಣೆ ತೆಗೆಯುವ ಒಕ್ಕಲಿನವರು, ಗಾಣಕ್ಕೆ ಇಷ್ಟು ಎಂದು ಒಂದು ಸೊಲ್ಲಗೆಯನ್ನೋ ಮಾನವನ್ನೋ ಗೊತ್ತುಮಾಡಿ ದೇವರ ದೀಪಕ್ಕೆ ಬಿಡುತ್ತಿದ್ದರು. ಅರಸರು ಕೊಡುವುದಾದರೆ ಊರನ್ನೇ ಕೊಡುತ್ತಿದ್ದರು. ಹೊಯ್ಸಳ ವೀರಬಲ್ಲಾಳನು 1192ರಲ್ಲಿ ಗದುಗಿನ ಸ್ವಯಂಭು ತ್ರಿಕೂಟೇಶ್ವರನಿಗೆ ಹೊಂಬಾಳಲು ಗ್ರಾಮವನ್ನು ಬಿಟ್ಟುಕೊಟ್ಟ ಶಾಸನ ನಮ್ಮ ಊರಿನ ಗುಡಿಯದೇ. ತಮಿಳು ನಾಡಿನ ಚೋಳರ ಕಾಲದ ಶಾಸನಗಳನ್ನು ನೋಡಿದರೆ, ಒಂದು ನಂದಾದೀಪಕ್ಕೆ ಸಾಮಾನ್ಯವಾಗಿ 90 ಇಲ್ಲವೆ 96 ಕುರಿಗಳನ್ನು ಬಿಡುವ ಪದ್ಧತಿ ಕಾಣುತ್ತದೆ. ಅವುಗಳಿಗೆ ‘ಸಾಯದ, ಮುಪ್ಪಾಗದ ಕುರಿಗಳು’ ಎಂದು ಹೆಸರು: ಸತ್ತವುಗಳ ಸ್ಥಾನವನ್ನು ಮರಿಗಳು ತುಂಬಿ ಹಿಂಡಿನ ಲೆಕ್ಕ ಎಂದೂ ಕಡಮೆಯಾಗಕೂಡದು. ಹಗಲಿರುಳು ಉರಿಯುವ ಒಂದು ತುಪ್ಪದ ದೀಪದ ಹಿಂದೆ ಒಂದು ಇಡೀ ಹಿಂಡು ಇರಬೇಕಾಯಿತು! ನಂದಾದೀಪ ಒಬ್ಬ ಬಡವನಿಂದ ಆಗುವ ಕೆಲಸವಲ್ಲ, ಅದು ಊರಿನ ಕೆಲಸ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕೆ?

ಊರು ಈ ಹೊಣೆಯನ್ನು ಹೊರದೆ ಹೋದಾಗ ಏನಾಗುತ್ತದೆ ಎಂಬುದನ್ನು ಶಿವಭಕ್ತರ ಕಥೆಗಳು ಹೇಳುತ್ತವೆ. ಸೇಕ್ಕಿಳಾರನ ಪೆರಿಯಪುರಾಣದಲ್ಲಿ ಬರುವ 63 ಭಕ್ತರನ್ನು ನಮ್ಮಲ್ಲಿಯೂ ಪುರಾತನರೆಂದು ಪೂಜಿಸುತ್ತಾರೆ. ಅವರಲ್ಲಿ ಕಲಿಯ ನಾಯನಾರನು ಎಣ್ಣೆಯ ವ್ಯಾಪಾರಿ. ತಿರುವೊಟ್ರಿಯೂರಿನ ಗುಡಿಯಲ್ಲಿ ದೀಪ ಹಚ್ಚುತ್ತ ಹಚ್ಚುತ್ತ ಸಿರಿಯೆಲ್ಲ ಕರಗಿತು. ಬೇರೆಯವರ ಗಾಣದಲ್ಲಿ ಕೂಲಿ ಮಾಡಿದ. ಕೂಲಿಯೂ ಸಿಗದಾದಾಗ ಎಣ್ಣೆಯ ಬದಲು ತನ್ನ ರಕ್ತವನ್ನೇ ಹಣತೆಗೆ ತುಂಬಲು ಕೊರಳಿಗೆ ಕತ್ತಿ ಇಟ್ಟ. ಶಿವನು ಕೈ ಹಿಡಿದನೆಂದು ಕಥೆ. ಕಣಂಪುಲ್ಲನೆಂಬವನು ಹುಲ್ಲು ಮಾರಿ ತುಪ್ಪ ಕೊಳ್ಳುತ್ತಿದ್ದ. ಹುಲ್ಲು ಮಾರಾಟವಾಗದ ದಿನ ಹುಲ್ಲನ್ನೇ ಉರಿಸಿದ. ಅದೂ ಸಾಲದಾದಾಗ ತಲೆಗೂದಲಿಗೇ ಉರಿ ಹಚ್ಚಿಕೊಂಡ. ಈ ಕಥೆಗಳನ್ನು ಕೇಳಿದವರು ಭಕ್ತಿಯ ತೀವ್ರತೆಗೆ ತಲೆದೂಗುತ್ತಾರೆ, ನಾನೂ ತೂಗಿದ್ದೇನೆ. ಆದರೆ ಅವನ್ನು ಓದುವಾಗಲೆಲ್ಲ ಒಂದು ಮಾತು ನನ್ನನ್ನು ಕಾಡುತ್ತದೆ. ಆ ಊರಿನ ಉಳಿದ ಜನ ಎಲ್ಲಿದ್ದರು? ಕೊರಳಿಗೆ ಕತ್ತಿ ಬರುವ ಮುಂಚೆ ಒಬ್ಬ ನೆರೆಯವನು ಒಂದು ಮಿಳ್ಳೆ ಎಣ್ಣೆ ತಂದು ಹಾಕಬಹುದಾಗಿತ್ತಲ್ಲ! ಪುರಾಣ ಭಕ್ತನ ಕಡೆ ನೋಡುತ್ತದೆ. ಶಾಸನ ಊರಿನ ಕಡೆ ನೋಡುತ್ತದೆ. ಒಂದನ್ನು ಓದಿದವರು ಇನ್ನೊಂದನ್ನೂ ಓದಬೇಕು.

ಈಗ ಲೆಕ್ಕಕ್ಕೆ ಬರೋಣ. ನಮ್ಮ ಮನೆಯ ಹಣತೆಯಲ್ಲಿ ಒಂದು ಸಣ್ಣ ಬತ್ತಿ ಇಟ್ಟು ಅಳೆದು ನೋಡಿದಾಗ, ಒಂದು ಚಹದ ಚಮಚೆ ಎಣ್ಣೆ, ಎಂದರೆ ಸುಮಾರು 5 ಮಿಲಿಲೀಟರು, ಹೆಚ್ಚುಕಡಮೆ ಒಂದು ಗಂಟೆ ಉರಿಯಿತು. ಮುಂಜಾನೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ದೀಪ ಇಟ್ಟರೆ ದಿನಕ್ಕೆ ಒಂದು ಚಮಚೆ; ವರ್ಷಕ್ಕೆ ಎರಡು ಲೀಟರಿಗೂ ಕಡಮೆ. ಲೀಟರಿಗೆ 180 ರೂಪಾಯಿಯೆಂದು ಲೆಕ್ಕಕ್ಕೆ ಇಟ್ಟುಕೊಂಡರೆ ದಿನದ ವೆಚ್ಚ ಒಂದು ರೂಪಾಯಿಯನ್ನು ಮುಟ್ಟುವುದಿಲ್ಲ. ಹಾಗಾದರೆ ಬಡವನ ನಿತ್ಯದ ದೀಪ ತುಟ್ಟಿಯಲ್ಲ. ತುಟ್ಟಿಯಾಗುವುದು ಅದರ ಮೇಲೆ ನಾವು ಹೇರಿದ ಆಡಂಬರ. ನವರಾತ್ರಿಯಲ್ಲಿ ಘಟ್ಟ ಹಾಕಿ ಒಂಬತ್ತು ದಿನ ಹಗಲಿರುಳು ದೀಪ ಕಾಯುವ ಮನೆಯಲ್ಲಿ ಅದೇ ಬತ್ತಿಗೆ 216 ಗಂಟೆ, ಒಂದು ಲೀಟರನ್ನು ಮೀರಿದ ಎಣ್ಣೆ, 194 ರೂಪಾಯಿ. 2024-25ರಲ್ಲಿ ನಮ್ಮ ರಾಜ್ಯದ ಉದ್ಯೋಗ ಖಾತರಿಯ ದಿನಗೂಲಿ 349 ರೂಪಾಯಿ ಇತ್ತು. ಅರ್ಧ ದಿನಕ್ಕೂ ಮಿಕ್ಕಿದ ದುಡಿಮೆ ಒಂದು ಬತ್ತಿಗೆ ಹೋಯಿತು. ಐದು ಬತ್ತಿಯಾದರೆ ಎರಡೂ ಮುಕ್ಕಾಲು ದಿನದ ದುಡಿಮೆ. ಇಷ್ಟನ್ನು ತಿಳಿದು ಮಾಡುವವರು ಸಂತೋಷವಾಗಿ ಮಾಡಲಿ. ತಿಳಿಯದೆ, ಸೀಸೆಯ ಮೇಲಿನ ಆಶ್ವಾಸನೆಗೆ ಮರುಳಾಗಿ ಮಾಡಬಾರದೆಂದಷ್ಟೆ ನನ್ನ ಬಿನ್ನಹ.

ಎಣ್ಣೆಯಷ್ಟೇ ಬತ್ತಿಯೂ ಮುಖ್ಯ. ಬತ್ತಿ ದಪ್ಪವಾದರೆ ಅದು ಉರಿಗೆ ಬೇಕಾದುದಕ್ಕಿಂತ ಹೆಚ್ಚು ಎಣ್ಣೆಯನ್ನು ಮೇಲಕ್ಕೆ ಎಳೆಯುತ್ತದೆ. ಎಣ್ಣೆ ಪೂರ್ತಿ ಸುಡದೆ ಹೊಗೆಯಾಗಿ ಗೋಡೆಗೆ ಹತ್ತುತ್ತದೆ. ತೆಳುವಾಗಿ, ಬಿಗಿಯಾಗಿ ಹೊಸೆದು, ಕುಡಿಯನ್ನು ಗಿಡ್ಡವಾಗಿಟ್ಟ ಬತ್ತಿಯಲ್ಲಿ ಅದೇ ಎಣ್ಣೆ ಹೆಚ್ಚು ಹೊತ್ತು ಬರುತ್ತದೆ. ನಮ್ಮ ಅಜ್ಜಿಯರು ಮಧ್ಯಾಹ್ನದ ಬಿಡುವಿನಲ್ಲಿ ಅರಳೆಯನ್ನು ಹಿಂಜಿ, ಅಂಗೈಯಲ್ಲಿ ಬೂದಿ ಹಚ್ಚಿಕೊಂಡು ಬತ್ತಿ ಹೊಸೆಯುತ್ತಿದ್ದುದು ಬರಿಯ ವ್ರತವಲ್ಲ, ಮಿತವ್ಯಯದ ವಿದ್ಯೆ. ಇಂದು ಆ ವಿದ್ಯೆಯನ್ನು ಪ್ಲಾಸ್ಟಿಕ್ ಚೀಟಿನಲ್ಲಿ ಕೊಳ್ಳುತ್ತಿದ್ದೇವೆ. ಗದಗು ಹತ್ತಿಯ ಪೇಟೆ. ಬೆಟಗೇರಿ ನೇಕಾರರ ಊರು. ಮುಂಡರಗಿ, ಶಿರಹಟ್ಟಿಗಳ ಎರೆಭೂಮಿ ಹತ್ತಿಯನ್ನೂ ಶೇಂಗಾ, ಕುಸುಬಿಗಳನ್ನೂ ಬೆಳೆಯುವ ನೆಲ. ಹತ್ತಿಯನ್ನು ಅಂಡಿಗೆ ಕಟ್ಟಿ ಕಳಿಸಿ ಬತ್ತಿಯನ್ನು ಪರ ಊರಿನಿಂದ ತರಿಸುವ ನಮ್ಮ ಜಾಣತನಕ್ಕೆ ಏನೆನ್ನಬೇಕು?

ಇನ್ನು ಮೇಣದ ಬತ್ತಿ. ಈಚೆಗೆ ಹಣತೆಯಲ್ಲಿಯೇ ಮೇಣ ತುಂಬಿ ಮಾರುವ ರೂಢಿ ಬಂದಿದೆ. ಎಣ್ಣೆ ಚೆಲ್ಲುವುದಿಲ್ಲ, ಮಕ್ಕಳಿಗೂ ಸುಲಭ. ಅದರ ಬಗ್ಗೆ ನನಗೆ ದ್ವೇಷವಿಲ್ಲ. ಆದರೆ ಆ ಮೇಣ ಬಹುಪಾಲು ಕಲ್ಲೆಣ್ಣೆಯಿಂದ ತೆಗೆದ ಪ್ಯಾರಾಫಿನ್ ಎಂಬುದನ್ನೂ, ಒಮ್ಮೆ ಉರಿದರೆ ಮುಗಿಯಿತು ಎಂಬುದನ್ನೂ ನೆನಪಿಡಬೇಕು. ಮಣ್ಣಿನ ಹಣತೆಯನ್ನಾದರೋ ತೊಳೆದು ಮತ್ತೆ ಮುಂದಿನ ವರ್ಷಕ್ಕೆ ಇಡಬಹುದು. ಬಡವನ ಬೆಳಕಿನ ಮೇಲೆ ಬೇರೆ ದೇಶಗಳಲ್ಲಿಯೂ ಕಣ್ಣು ಬಿದ್ದದ್ದುಂಟು. ಇಂಗ್ಲೆಂಡಿನಲ್ಲಿ 1709ರಿಂದ 1831ರ ವರೆಗೆ ಮೇಣದ ಬತ್ತಿಯ ಮೇಲೆ ಸುಂಕವಿತ್ತು. ಪರವಾನಗಿಯಿಲ್ಲದೆ ಮನೆಯಲ್ಲಿ ಮಾಡಿಕೊಳ್ಳುವಂತಿರಲಿಲ್ಲ. ಬಡವರು ಜೊಂಡಿನ ತಿರುಳನ್ನು ಕೊಬ್ಬಿನಲ್ಲಿ ಅದ್ದಿ ಉರಿಸಿ ದಿನ ಕಳೆದರು. ಧರ್ಮಪೀಠಗಳಾದರೋ ಕೆಲವು ಸಲ ಅರಸರಿಗಿಂತ ಉದಾರವಾಗಿದ್ದವು. ಕ್ಯಾಥೊಲಿಕ್ ಚರ್ಚುಗಳ ನಂದಾದೀಪಕ್ಕೆ ಆಲಿವ್ ಎಣ್ಣೆಯೇ ಬೇಕೆಂಬ ಕಟ್ಟಳೆಯನ್ನು 1864ರಲ್ಲಿ ರೋಮು ಸಡಿಲಿಸಿ, ಅದು ದೊರೆಯದ ಕಡೆ ಬಿಷಪ್ಪರು ಬೇರೆ ಎಣ್ಣೆಗೆ, ಸಾಧ್ಯವಿದ್ದಷ್ಟು ಮಟ್ಟಿಗೆ ಸಸ್ಯದ ಎಣ್ಣೆಗೆ, ಅಪ್ಪಣೆ ಕೊಡಬಹುದೆಂದಿತು. ಅಷ್ಟು ಕಟ್ಟುನಿಟ್ಟಿನ ಪೀಠವೇ ಒಪ್ಪಿದಮೇಲೆ, ಕುಸುಬಿಯ ಬದಲು ಔಡಲೆಣ್ಣೆ ಹಾಕಿದರೆ ನಮ್ಮ ದೇವರು ಮುನಿಯುವನೆ?

ಇಲ್ಲಿ ಎರಡು ಆಕ್ಷೇಪಗಳನ್ನು ನಿರೀಕ್ಷಿಸುತ್ತೇನೆ. ಮೊದಲನೆಯದು ವಿಚಾರವಾದಿ ಮಿತ್ರರದು: ಹೊಟ್ಟೆಗೆ ಎಣ್ಣೆಯಿಲ್ಲದ ನಾಡಿನಲ್ಲಿ ಕಲ್ಲಿನ ಮುಂದೆ ಎಣ್ಣೆ ಸುಡುವುದೇ ಅಪರಾಧ, ಅಗ್ಗ-ತುಟ್ಟಿಯ ಮಾತೇಕೆ? ಅವರ ಕಳಕಳಿಗೆ ನಾನು ತಲೆಬಾಗುತ್ತೇನೆ. ಆದರೆ ದಿನಕ್ಕೆ ಒಂದು ಚಮಚೆ ಎಣ್ಣೆ ಉಳಿಸಿದ್ದರಿಂದ ಯಾರ ಬಡತನವೂ ಕಳೆಯದು. ಆ ಚಮಚೆ ಎಣ್ಣೆಯ ಮುಂದೆ ಕುಳಿತು ಒಂದು ಗಳಿಗೆ ಮನಸ್ಸನ್ನು ಹಗುರ ಮಾಡಿಕೊಳ್ಳುವ ಹಕ್ಕು ಸಿರಿವಂತನಿಗೆ ಇರುವಷ್ಟೇ ಬಡವನಿಗೂ ಇದೆ. ಬೆಳಕನ್ನು ಬಡವರಿಂದ ಕಸಿದುಕೊಳ್ಳುವ ಸುಧಾರಣೆ ನನಗೆ ರುಚಿಸದು. ಎರಡನೆಯ ಆಕ್ಷೇಪ ಸಂಪ್ರದಾಯಸ್ಥರದು: ದೇವರಿಗೆ ಅಗ್ಗದ್ದನ್ನು ಹುಡುಕಬಾರದು. ಇದಕ್ಕೆ ನನ್ನ ಉತ್ತರ ಇಷ್ಟೆ. ಅಗ್ಗ ಬೇರೆ, ಹೊಲಸು ಬೇರೆ. ಶುದ್ಧವಾದ ಶೇಂಗಾ ಎಣ್ಣೆ ಒಂದು ಚಮಚೆ, ಹೆಸರು ಗೊತ್ತಿಲ್ಲದ ಪರಿಮಳದೆಣ್ಣೆ ಒಂದು ಬಟ್ಟಲಿಗಿಂತ ಅಗ್ಗವೂ ಹೌದು, ಶುದ್ಧವೂ ಹೌದು.

ಹಾಗಾದರೆ ಮಾಡತಕ್ಕದ್ದೇನು? ದಾರಿ ದೂರದಲ್ಲಿಲ್ಲ. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಹಕಾರಿ ಸಂಘವನ್ನು ಕಟ್ಟಿ ನಾಡಿಗೇ ಮೇಲ್ಪಂಕ್ತಿ ಹಾಕಿಕೊಟ್ಟರು. ಸಾಲಕ್ಕೆ ಕೂಡಿ ನಿಂತ ಜನ ಸೊಡರೆಣ್ಣೆಗೆ ಕೂಡಿ ನಿಲ್ಲಲಾರರೆ? ಕಾರ್ತಿಕಕ್ಕೆ ಮುಂಚೆ ಓಣಿಯ ಹತ್ತು ಮನೆಯವರು ಕೂಡಿ, ಊರಿನ ಗಾಣದಿಂದಲೋ ಎಣ್ಣೆಯ ಅಂಗಡಿಯಿಂದಲೋ ಒಂದು ಡಬ್ಬಿ ಎಣ್ಣೆಯನ್ನು ಒಂದೇ ಸಲ ತಂದು ಅಳೆದು ಹಂಚಿಕೊಂಡರೆ ಸೀಸೆಯ ಬೆಲೆ, ಚಿತ್ರದ ಬೆಲೆ, ಆಶ್ವಾಸನೆಯ ಬೆಲೆ ಮೂರೂ ಉಳಿಯುತ್ತವೆ. ಇನ್ನೊಂದು ಮಾತು: ತಿನ್ನಲು ಬಾರದ ಎಣ್ಣೆಯನ್ನು ಕೊಂಡವರು ಅಡಿಗೆಯ ಎಣ್ಣೆಯ ಪಕ್ಕದಲ್ಲಿ ಇಡಬಾರದು; ಓದು ಬಾರದ ಮುದುಕಿಗೆ ಎರಡೂ ಒಂದೇ ಬಣ್ಣ.

ಗುಡಿಗಳ ಹಿರಿಯರಿಗೂ ಒಂದು ಅರಿಕೆ. ಶ್ರಾವಣದ ಶನಿವಾರ ಹನುಮಪ್ಪನಿಗೆ ಎಣ್ಣೆ ಹಾಕಲು ಬರುವವರು ತಂದದ್ದನ್ನೆಲ್ಲ ಒಂದು ದೊಡ್ಡ ಪಾತ್ರೆಗೆ ಹೊಯ್ಯಿಸಿ, ಅದರಿಂದಲೇ ವರ್ಷದ ದೀಪ ನಡೆಸಿ, ಮಿಕ್ಕುದನ್ನು ಎಣ್ಣೆಯಿಲ್ಲದ ಗುಡಿಗೆ ಕೊಡುವ ಏರ್ಪಾಡು ಆಗಲಿ. ಸಿಪ್ಪೆಯಷ್ಟು ತಂದವನೂ ಕೊಡದಷ್ಟು ತಂದವನೂ ಅಲ್ಲಿ ಒಂದೇ. ಬೇರೆ ಮತದ ದೀಪವೆಂದು ದೂರ ನಿಲ್ಲುವ ಪ್ರಾಂತವಲ್ಲ ನಮ್ಮದು. ಲಕ್ಷ್ಮೇಶ್ವರದಲ್ಲಿ ಸೋಮೇಶ್ವರನ ಗುಡಿಯೂ ಶಂಖ ಬಸದಿಯೂ ದೂದಪೀರಾಂ ದರ್ಗಾವೂ ಒಂದೇ ಊರಿನಲ್ಲಿವೆ. ಶಿರಹಟ್ಟಿಯ ಫಕೀರೇಶ್ವರ ಮಠಕ್ಕೆ ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುತ್ತಾರೆ. ನಂದಾದೀವಿಗೆಯಾಗಲಿ ಚಿರಾಗವಾಗಲಿ, ಉರಿಯುವುದು ಇದೇ ಎರೆಭೂಮಿಯ ಎಣ್ಣೆ.

ಅಧ್ಯಾಪಕರಿಗೆ ಕಡೆಯ ಸೂಚನೆ. ಈ ಲೆಕ್ಕವನ್ನು ಶಾಲೆಗೆ ಒಯ್ಯಿರಿ. ಒಂದೊಂದು ಚಮಚೆ ಶೇಂಗಾ, ಕುಸುಬಿ, ಔಡಲದ ಎಣ್ಣೆಯನ್ನು ಒಂದೇ ಅಳತೆಯ ಹಣತೆಗಳಿಗೆ ಹಾಕಿ, ದಪ್ಪ ಬತ್ತಿ ತೆಳು ಬತ್ತಿ ಎರಡನ್ನೂ ಇಟ್ಟು, ನಿಮ್ಮ ಕಣ್ಣ ಮುಂದೆ ಮಕ್ಕಳು ಗಡಿಯಾರ ನೋಡಿ ಬರೆದುಕೊಳ್ಳಲಿ. ಯಾವುದು ಎಷ್ಟು ಹೊತ್ತು ಉರಿಯಿತು, ಯಾವುದು ಹೊಗೆಯಾಡಿತು, ಯಾವುದಕ್ಕೆ ಎಷ್ಟು ಪೈಸೆ. ವಿಜ್ಞಾನಿ ಮೈಕೇಲ್ ಫ್ಯಾರಡೆ ಲಂಡನ್ನಿನಲ್ಲಿ ಒಂದು ಮೇಣದ ಬತ್ತಿಯನ್ನು ಹಚ್ಚಿಟ್ಟುಕೊಂಡು ಎಳೆಯರಿಗೆ ಉಪನ್ಯಾಸಮಾಲೆಯನ್ನೇ ನಡೆಸಿದನು. ನಮ್ಮ ಹಣತೆಯಲ್ಲಿಯೂ ಅಷ್ಟೇ ಪಾಠವಿದೆ. ಆ ಬರಹವನ್ನು ಮಕ್ಕಳು ಮನೆಗೆ ಒಯ್ದು ತಾಯಂದಿರಿಗೆ ಓದಿ ಹೇಳಲಿ. ಮುಂದಿನ ಕಾರ್ತಿಕದಲ್ಲಿ ಆ ತಾಯಿ ಅಂಗಡಿಯ ಮುಂದೆ ನಿಂತಾಗ, ಇದರಲ್ಲಿ ಏನು ಹಾಕಿದ್ದೀರಿ ಎಂದು ಒಂದು ಪ್ರಶ್ನೆ ಕೇಳಿದರೆ ಈ ಲೇಖನದ ಉದ್ದೇಶ ನೆರವೇರಿದಂತೆ.