ಕೋಟೆ ಇಳಿಯೋರು ಯಾರ್ರೀ?

‘ನಾಗರಹಾವು’ ನೋಡಿದವರಿಗೆಲ್ಲ ಚಿತ್ರದುರ್ಗದ ಕೋಟೆ ಗೊತ್ತು. 1972ರಲ್ಲಿ ಪುಟ್ಟಣ್ಣ ಕಣಗಾಲರು ಆ ಬಂಡೆಗಳ ನಡುವೆ ಕ್ಯಾಮೆರಾ ನಿಲ್ಲಿಸಿದರು ನೋಡಿ, ಅಂದಿನಿಂದ ರಾಮಾಚಾರಿ ಎಲ್ಲಿ ನಡೆದ, ಓಬವ್ವನ ಪಾತ್ರದಲ್ಲಿ ಜಯಂತಿ ಒನಕೆ ಎತ್ತಿದ್ದು ಯಾವ ಕಿಂಡಿಯ ಹತ್ತಿರ ಅಂತ ನಮ್ಮ ಅಭಿಮಾನಿಗಳು ಕಣ್ಣು ಮುಚ್ಚಿಕೊಂಡು ಹೇಳ್ತಾರೆ. ‘ಶೋಲೆ’ ನೋಡಿದವರಿಗೆ ರಾಮನಗರದ ಬಂಡೆಗಳ ಗುರುತು. ಸರಿ ಸ್ವಾಮಿ, ಬಹಳ ಸಂತೋಷ. ಈಗ ನನ್ನದೊಂದು ಸಣ್ಣ ಪ್ರಶ್ನೆ. ಬನಶಂಕರಿ ಕಡೆಯಿಂದ ಮಾರ್ಕೆಟ್ ಬಸ್ಸು ಹತ್ತಿ ಬರ್ತೀರಲ್ಲ, ಆ ಬಸ್ಸು ಒಂದು ಕೋಟೆಯ ಹೊಟ್ಟೆಯೊಳಗೇ ಹಾದುಬರುತ್ತೆ ಅನ್ನೋದು ನಿಮಗೆ ಗೊತ್ತಾ?

‘ಯಾವ ಕೋಟೆ?’ ಎಂದು ಹುಬ್ಬು ಹಾರಿಸಬೇಡಿ. ನಮ್ಮ ಬೆಂಗಳೂರಿನ ಕೋಟೆಯೇ! 1537ರಲ್ಲಿ ಕೆಂಪೇಗೌಡರು ಮಣ್ಣಿನಲ್ಲಿ ಕಟ್ಟಿಸಿದ್ದು, 1761ರಲ್ಲಿ ಹೈದರಾಲಿ ಕಲ್ಲಿನಲ್ಲಿ ಗಟ್ಟಿ ಮಾಡಿಸಿದ್ದು. ಉತ್ತರಕ್ಕೆ ದೆಹಲಿ ಬಾಗಿಲು, ದಕ್ಷಿಣಕ್ಕೆ ಮೈಸೂರು ಬಾಗಿಲು. ಕೃಷ್ಣರಾಜೇಂದ್ರ ರಸ್ತೆಯಲ್ಲಿ ಬಸ್ಸು ವಾಣಿವಿಲಾಸ ಆಸ್ಪತ್ರೆಯ ಹತ್ತಿರ ಬಂತು ಅಂದರೆ ನೀವು ಹಳೆಯ ಕೋಟೆಯ ಒಳಗಿದ್ದೀರಿ ಅಂತಲೇ ಲೆಕ್ಕ. ಟಿಪ್ಪುವಿನ ಬೇಸಿಗೆ ಅರಮನೆ, ಪಕ್ಕದ ಕೋಟೆ ವೆಂಕಟರಮಣಸ್ವಾಮಿ ದೇವಸ್ಥಾನ, ಎರಡೂ ಆ ಗೋಡೆಯ ಒಳಗಿದ್ದವೇ. ಕಂಡಕ್ಟರ್ ‘ಮಾರ್ಕೆಟ್... ಮಾರ್ಕೆಟ್ ಇಳಿಯೋರು’ ಎಂದು ಕೂಗುವ ಹೊತ್ತಿಗೆ ದೆಹಲಿ ಬಾಗಿಲು ಪಕ್ಕದಲ್ಲೇ ಬಂದಿರುತ್ತೆ. ಸೊಪ್ಪಿನ ಚೀಲದವರು ಇಳೀತಾರೆ, ಹೂವಿನ ಬುಟ್ಟಿಯವರು ಇಳೀತಾರೆ, ಆಸ್ಪತ್ರೆಗೆ ಊಟದ ಕ್ಯಾರಿಯರ್ ತಂದವರು ಇಳೀತಾರೆ. ‘ಕೋಟೆ ಇಳಿಯೋರು ಯಾರ್ರೀ?’ ಅಂತ ಮಾತ್ರ ಯಾರೂ ಕೂಗೋದಿಲ್ಲ. ಕೂಗಿದರೂ ಇಳಿಯೋರು ಯಾರು!

ಹಾಗಂತ ಇಲ್ಲಿ ಕಥೆಗೇನಾದರೂ ಕೊರತೆಯೇ? ಯಾವ ನಿರ್ಮಾಪಕನಿಗೆ ಬೇಕಾದರೂ ಸಿದ್ಧ ಕ್ಲೈಮ್ಯಾಕ್ಸ್ ಇದೆ. 1791ರ ಮಾರ್ಚ್ 21. ಬೆಳದಿಂಗಳ ರಾತ್ರಿ. ಹೊರಗೆ ಲಾರ್ಡ್ ಕಾರ್ನ್‌ವಾಲಿಸನ ಫಿರಂಗಿಗಳು. ಈತ ಹತ್ತು ವರ್ಷದ ಹಿಂದೆ, 1781ರಲ್ಲಿ, ಅಮೆರಿಕದ ಯಾರ್ಕ್‌ಟೌನಿನಲ್ಲಿ ಜಾರ್ಜ್ ವಾಷಿಂಗ್ಟನ್‌ಗೆ ಶರಣಾಗಿ ಮುಖ ಕೆಡಿಸಿಕೊಂಡಿದ್ದ ಆಸಾಮಿ. ಇಲ್ಲೂ ಸೋತರೆ ಊರಿಗೆ ಹೋಗಿ ಮುಖ ತೋರಿಸುವ ಹಾಗಿಲ್ಲ. ಒಳಗೆ ಕಿಲ್ಲೇದಾರ ಬಹಾದೂರ್ ಖಾನ್. ಗೋಡೆ ಒಡೆದು ಬಿರುಕು ಬಿತ್ತು, ಸೈನ್ಯ ನುಗ್ಗಿತು, ಬಹಾದೂರ್ ಖಾನ್ ಕೋಟೆ ಬಿಡದೆ ಹೋರಾಡುತ್ತ ಅಲ್ಲೇ ಸತ್ತ. ಗೋಡೆ ಒಡೆದ ಜಾಗಕ್ಕೆ ಗುರುತಿನ ಕಲ್ಲೊಂದನ್ನು ಹಾಕಿದ್ದಾರೆ. ಅದರ ಎದುರಿಗೇ ದಿನಕ್ಕೆ ಸಾವಿರಾರು ಜನ ಓಡಾಡ್ತಾರೆ. ಓದಿದವರು ಎಷ್ಟು ಮಂದಿಯೋ, ಆ ಕಲ್ಲಿಗೇ ಗೊತ್ತು.

ಹಾಗಾದರೆ ಉಳಿದ ಕೋಟೆ ಎಲ್ಲಿ ಹೋಯಿತು? ಫಿರಂಗಿ ತಿಂದದ್ದು ಸ್ವಲ್ಪ. ಮಿಕ್ಕಿದ್ದನ್ನು ತಿಂದದ್ದು ರಸ್ತೆ, ಕಟ್ಟಡ, ನಮ್ಮ ಅನುಕೂಲ. ಯುದ್ಧ ಮುಗಿದ ಮೇಲೆ ಊರು ಬೆಳೆಯಿತು. 1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆ ಬಂತು, 1921ರಲ್ಲಿ ಕೃಷ್ಣರಾಜೇಂದ್ರ ಮಾರುಕಟ್ಟೆ ಬಂತು, 1935ರಲ್ಲಿ ವಾಣಿವಿಲಾಸ ಬಂತು. ಆಸ್ಪತ್ರೆ ಬೇಡ ಅಂತ ಯಾರು ಹೇಳ್ತಾರೆ? ನಾನಂತೂ ಹೇಳೋದಿಲ್ಲ. ಆದರೆ ಗೋಡೆ ಒಂದೊಂದಾಗಿ ಬಿದ್ದು, ಕಂದಕ ಮುಚ್ಚಿಹೋಗಿ, ಕೊನೆಗೆ ಉಳಿದದ್ದು ದೆಹಲಿ ಬಾಗಿಲು ಮತ್ತು ಅದರ ಅಕ್ಕಪಕ್ಕದ ಒಂದಿಷ್ಟು ಗೋಡೆ, ಬುರುಜು. ಮೂರು ಗಂಟೆಯ ಸಿನಿಮಾದಲ್ಲಿ ಟೈಟಲ್ ಕಾರ್ಡು ಮಾತ್ರ ಉಳಿದ ಹಾಗೆ!

ಇದು ನಮ್ಮವರ ಹಣೆಬರಹ ಮಾತ್ರ ಅಂದುಕೊಳ್ಳಬೇಡಿ. ಕಾರ್ನ್‌ವಾಲಿಸನ ತವರಿನಲ್ಲೂ ಇದೇ ಕಥೆ. ಇಂಗ್ಲೆಂಡಿನ ಉತ್ತರದ ತುದಿಯಲ್ಲಿ ಬೆರಿಕ್ ಅಂತ ಒಂದು ಊರು. ಅಲ್ಲಿ ರೈಲು ನಿಲ್ದಾಣ ನಿಂತಿರುವುದೇ ಕೋಟೆಯ ದರ್ಬಾರು ಮಂಟಪದ ಜಾಗದಲ್ಲಿ. 1292ರಲ್ಲಿ ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡ್ ಸ್ಕಾಟ್‌ಲೆಂಡಿಗೆ ಯಾರು ರಾಜ ಎಂದು ತೀರ್ಪು ಕೊಟ್ಟ ಮಂಟಪ ಅದು. ಹತ್ತೊಂಬತ್ತನೇ ಶತಮಾನದ ರೈಲಿನವರು ಅದನ್ನು ಕೆಡವಿ ಪ್ಲಾಟ್‌ಫಾರಂ ಕಟ್ಟಿದರು. ನ್ಯೂಕ್ಯಾಸಲ್ ಎಂಬ ಊರಿನ ಹೆಸರಿನಲ್ಲೇ ಕೋಟೆ ಇದೆ. ಅಲ್ಲಿ ರೈಲು ಹಳಿ ಕೋಟೆಯ ನಟ್ಟನಡುವೆ ಹಾದುಹೋಗಿ ಬಾಗಿಲು ಆ ಕಡೆ, ಗೋಪುರ ಈ ಕಡೆ! ಆದರೆ ಅವರು ಒಂದು ಕೆಲಸ ಮಾಡಿದರು. ಉಳಿದ ಕಲ್ಲಿಗೆ ಬೋರ್ಡು ಹಾಕಿ, ರೈಲಿನಲ್ಲಿ ಬಂದವರನ್ನೇ ಕೋಟೆ ನೋಡಲು ಇಳಿಸಿಕೊಂಡರು. ಕೋಟೆ ತಿಂದ ರೈಲೇ ಕೋಟೆಗೆ ಜನ ತಂದಿತು.

ನಮ್ಮಲ್ಲೂ ಇಂಥದೊಂದು ನಡೆದಿದೆ. ಮೈಸೂರು ಕಡೆಯ ರೈಲು ಹಿಡಿದು ಶ್ರೀರಂಗಪಟ್ಟಣದಲ್ಲಿ ಇಳಿಯಿರಿ. ಎಕ್ಸ್‌ಪ್ರೆಸ್ಸುಗಳೆಲ್ಲ ನಿಲ್ಲೋದಿಲ್ಲ, ಕೇಳಿಕೊಂಡು ಹತ್ತಿ. 1960ರ ‘ರಣಧೀರ ಕಂಠೀರವ’ದಲ್ಲಿ ರಾಜ್‌ಕುಮಾರ್ ಪಾತ್ರ ಮಾಡಿದರಲ್ಲ, ಆ ದೊರೆ ಆಳಿದ ಊರೇ ಇದು. ಹಳಿ ಕೋಟೆಯನ್ನು ಸೀಳಿಕೊಂಡೇ ಹೋಗುತ್ತೆ, ಆದ್ದರಿಂದ ಆಟೋ ಹಿಡಿಯುವ ತೊಂದರೆ ಇಲ್ಲ. ಇಳಿದರೆ ಕೋಟೆಯಲ್ಲೇ ಇಳಿದ ಹಾಗೆ. ಜೋಡಿ ಹಳಿ ಹಾಕುವಾಗ ಟಿಪ್ಪುವಿನ ಕಾಲದ ಒಂದು ಮದ್ದಿನ ಮನೆ ದಾರಿಗೆ ಅಡ್ಡ ಬಂತು. ಹಿಂದಿನ ಕಾಲವಾಗಿದ್ದರೆ ನಾಲ್ಕು ಹಾರೆ, ಎಂಟು ಆಳು, ಒಂದೇ ದಿನದಲ್ಲಿ ಸಪಾಟು. ಆದರೆ 2017ರಲ್ಲಿ ಏನು ಮಾಡಿದರು ಗೊತ್ತೇ? ಆ ಇಟ್ಟಿಗೆ ಕಟ್ಟಡವನ್ನು ಬುಡಸಮೇತ ಎತ್ತಿ, ಒಂದು ಇಟ್ಟಿಗೆಯೂ ಬಿಚ್ಚದೆ, ನೂರು ಮೀಟರಿಗೂ ಹೆಚ್ಚು ದೂರ ಜರುಗಿಸಿ ಇಟ್ಟರು! ಹಳಿಯೂ ಬಂತು, ಮದ್ದಿನ ಮನೆಯೂ ಉಳಿಯಿತು. ಮನಸ್ಸಿದ್ದರೆ ಎರಡನ್ನೂ ಉಳಿಸಿಕೊಳ್ಳಬಹುದು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ.

ಬೆಂಗಳೂರಿನಲ್ಲೂ ನೆಲ ಅಗೆದಾಗ ಹಳೆಯ ಕಾಲ ಎದ್ದು ಬರ್ತಾ ಇರುತ್ತೆ. ಮಾರ್ಕೆಟ್ಟಿನ ಬಳಿ ಮೆಟ್ರೋಗೆ ಅಗೆಯುವಾಗ 2012ರಲ್ಲಿ ಎರಡು ಹಳೆಯ ಫಿರಂಗಿಗಳು ಸಿಕ್ಕವು. ನಗರದ ಇನ್ನೊಂದು ತುದಿಯ ಹೆಬ್ಬಾಳದಲ್ಲಿ ಚರಂಡಿಗೆ ಅಗೆದಾಗ ಕಿತ್ತಯ್ಯ ಎಂಬವನ ವೀರಗಲ್ಲು ಬೆಳಕಿಗೆ ಬಂತು. ಕ್ರಿ.ಶ. 750ರ ಸುಮಾರಿನದು, ಗಂಗರ ಶ್ರೀಪುರುಷನ ಕಾಲದ್ದು. ಸುತ್ತಲಿನವರು ಕಣ್ಣಿಟ್ಟು ನೋಡಿದ್ದಕ್ಕೆ ಅದು ಉಳಿಯಿತು. ನೋಡದೇ ಇದ್ದಿದ್ದರೆ ಯಾರದೋ ಮನೆಯ ಪಾಯದ ಕಲ್ಲಾಗಿ ಹೋಗುತ್ತಿತ್ತು. ಹಾಗೆ ಹೋದ ವೀರಗಲ್ಲುಗಳೆಷ್ಟೋ! ಈಗ ಮಿಥಿಕ್ ಸೊಸೈಟಿಯವರು ನಗರದ ಶಾಸನಗಳನ್ನೆಲ್ಲ ಕಂಪ್ಯೂಟರಿನಲ್ಲಿ ಮೂರು ಆಯಾಮದ ಚಿತ್ರವಾಗಿ ಉಳಿಸುವ ಕೆಲಸ ಹಿಡಿದಿದ್ದಾರೆ. ಪುಣ್ಯದ ಕೆಲಸ. ಆದರೆ ಚಿತ್ರ ಉಳಿದು ಕಲ್ಲು ಹೋದರೆ ಏನು ಬಂತು? ನೆಗೆಟಿವ್ ಸುಟ್ಟುಹೋಗಿ ಪೋಸ್ಟರ್ ಮಾತ್ರ ಉಳಿದ ಹಳೇ ಸಿನಿಮಾದ ಪಾಡೇ!

ದಕ್ಷಿಣದವರಿಗೆ, ಅಂದರೆ ಜೆ.ಪಿ. ನಗರ, ಬಿ.ಟಿ.ಎಂ. ಕಡೆಯವರಿಗೆ, ಮನೆಬಾಗಿಲಲ್ಲೇ ಬೇಗೂರು ಇದೆ. ಅಲ್ಲಿನ ಪಂಚಲಿಂಗೇಶ್ವರ ದೇವಾಲಯದ ಆವರಣದಲ್ಲಿ ಒಂದು ಕಲ್ಲು. ಕ್ರಿ.ಶ. 890ರ ಸುಮಾರಿನದು. ‘ಬೆಂಗಳೂರು’ ಕಾಳಗದಲ್ಲಿ ನಾಗತ್ತರನ ಮಗ ಸತ್ತ ಎಂದು ಅದು ಹೇಳುತ್ತೆ. ಹೌದು, ಬೆಂಗಳೂರು ಅನ್ನುವ ಹೆಸರೇ ಆ ಕಲ್ಲಿನ ಮೇಲಿದೆ! ಹೊಯ್ಸಳ ಬಲ್ಲಾಳರಾಯ ಕಾಡಿನಲ್ಲಿ ದಾರಿ ತಪ್ಪಿ, ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟು, ಊರು ‘ಬೆಂದಕಾಳೂರು’ ಆಯಿತು ಎಂಬ ಕಥೆಯನ್ನು ನಾವೆಲ್ಲ ಶಾಲೆಯಲ್ಲಿ ಕೇಳಿದವರೇ. ಕಥೆ ಚೆನ್ನಾಗಿದೆ, ನಾನೂ ಮಕ್ಕಳಿಗೆ ಹೇಳ್ತೀನಿ. ಆದರೆ ಬಲ್ಲಾಳರಾಯ ಹುಟ್ಟುವುದಕ್ಕೆ ಇನ್ನೂ ಇನ್ನೂರು ವರ್ಷಕ್ಕೂ ಹೆಚ್ಚು ಇರುವಾಗಲೇ ಈ ಕಲ್ಲಿನ ಮೇಲೆ ಊರಿನ ಹೆಸರು ಕೊರೆದಾಗಿತ್ತು. ಕಾಳಿಗಿಂತ ಕಾಳಗವೇ ಹಳೆಯದು! 2025ರ ಆಗಸ್ಟಿನಲ್ಲಿ ಹಳದಿ ಮಾರ್ಗದ ಮೆಟ್ರೋ ಶುರುವಾದ ಮೇಲೆ ಇನ್ನೂ ಸುಲಭ. ಹೊಂಗಸಂದ್ರದಲ್ಲಿ ಇಳಿದರೆ ಬೇಗೂರು ರಸ್ತೆ ಹತ್ತಿರ, ಅಲ್ಲಿಂದ ಬಸ್ಸೋ ಆಟೋವೋ. ಊರಿನ ಹೆಸರು ಬದಲಾಯಿಸುವಾಗ ಅಷ್ಟೊಂದು ಜಗಳ ಆಡಿದ ನಾವು, ಆ ಹೆಸರು ಬರೆದ ಕಲ್ಲನ್ನು ಹೋಗಿ ಒಂದು ಸಲ ನೋಡಬಾರದೆ?

ಇನ್ನು ಒಂದಿಡೀ ದಿನ ಬಿಡುವಿದೆ ಅನ್ನೋರಿಗೆ ಸಾವನದುರ್ಗ. ಮಾಗಡಿ ಬಸ್ಸು ಹತ್ತಿ, ಅಲ್ಲಿಂದ ಸುಮಾರು ಹನ್ನೆರಡು ಕಿಲೋಮೀಟರು. 1226 ಮೀಟರಿನ ಕರೀಬಂಡೆ, ಮೇಲೆ ಕೋಟೆ, ಕೆಳಗೆ ವೀರಭದ್ರ, ನರಸಿಂಹ ದೇವಸ್ಥಾನಗಳು. ಕೆಂಪೇಗೌಡರ ವಂಶದವರ ಕೈಯಲ್ಲಿದ್ದ ದುರ್ಗ, 1728ರಲ್ಲಿ ಮೈಸೂರಿನವರ ಪಾಲಾಯಿತು. ಇದನ್ನು ಹತ್ತಿ ಗೆಲ್ಲೋಕೆ ಯಾರಿಂದಲೂ ಆಗೋದಿಲ್ಲ ಅಂತಿದ್ದರು. 1791ರ ಡಿಸೆಂಬರ್ 21ರಂದು ಅದೇ ಕಾರ್ನ್‌ವಾಲಿಸನ ಸೈನ್ಯ ಹತ್ತಿಬಿಟ್ಟಿತು. ಇನ್ನೂರು ವರ್ಷಕ್ಕೆ ಸ್ವಲ್ಪ ಕಡಿಮೆ ಇರುವಾಗ ಇನ್ನೊಬ್ಬ ಇಂಗ್ಲಿಷಿನವ ಇದೇ ಬಂಡೆ ಹುಡುಕಿಕೊಂಡು ಬಂದ. ಈ ಸಲ ಫಿರಂಗಿ ಅಲ್ಲ, ಕ್ಯಾಮೆರಾ. ಡೇವಿಡ್ ಲೀನ್! ‘ಎ ಪ್ಯಾಸೇಜ್ ಟು ಇಂಡಿಯಾ’ (1984) ಚಿತ್ರದ ಗುಹೆಯ ದೃಶ್ಯಗಳನ್ನು ತೆಗೆದದ್ದು ಸಾವನದುರ್ಗದಲ್ಲಿ, ರಾಮನಗರದ ರಾಮದೇವರ ಬೆಟ್ಟದ ಕಡೆಯಲ್ಲಿ. ಇಂಗ್ಲೆಂಡಿನವರು ಎರಡು ಸಲ ಬಂದು ನೋಡಿದ ಬಂಡೆಯನ್ನು ಜಯನಗರದವರು ಒಂದು ಸಲವೂ ನೋಡಿಲ್ಲ ಅಂದರೆ ನಾಚಿಕೆ ಅಲ್ವೇನ್ರೀ?

ಮಾಗಡಿ ಬಸ್ಸಿನಲ್ಲಿ ಒಬ್ಬ ಅಜ್ಜಿ ನನ್ನ ಪಕ್ಕದ ಸೀಟಿನಲ್ಲಿ ಕೂತಿದ್ದರು. ಕೈಯಲ್ಲಿ ಬುತ್ತಿಗಂಟು. ಕೂಡ ನಾಲ್ಕು ಜನ ಹೆಂಗಸರು.

‘ಎಲ್ಲಿಗೆ ಅಜ್ಜಿ ಪ್ರಯಾಣ?’ ಅಂದೆ.

‘ಸಾವಂದಿ ಈರಭದ್ರಸಾಮಿಗೆ ಕಣಪ್ಪ. ಹಂಗೇ ಕ್ವಾಟೆ ಬುಡವನ್ನೂ ನೋಡ್ಕಂಡು ಬರಾನ ಅಂತ.’

‘ಮೊದಲು ಬಂದಿರಲಿಲ್ವಾ?’

‘ಎಲ್ಲಿ ಬರಾದು? ಚಾರ್ಜು ಕೇಳುದ್ರೆ ಮಗ ಮುಖ ಸೊಟ್ಟ ಮಾಡವ್ನು. ಈಗ ಯಾರ್ನೂ ಕೇಳಂಗಿಲ್ಲ, ಚೀಟಿ ಹರ್ದು ಕೊಡ್ತಾರೆ, ಹತ್ಕಂತೀವಿ.’

2023ರ ಜೂನ್ 11ರಂದು ಶುರುವಾದ ‘ಶಕ್ತಿ’ ಯೋಜನೆಯಲ್ಲಿ ರಾಜ್ಯದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿನ ದುಡ್ಡಿಲ್ಲ. ಅದರ ಲಾಭ ನಷ್ಟದ ಲೆಕ್ಕ ದೊಡ್ಡವರು ಹಾಕಲಿ. ನನಗೆ ಕಂಡದ್ದು ಇಷ್ಟು: ಬದುಕಿಡೀ ಆ ಬಂಡೆಯನ್ನು ದೂರದಿಂದಲೇ ನೋಡಿದ್ದ ಅಜ್ಜಿ, ಅದರ ಬುಡಕ್ಕೆ ಹೋಗಿ ಕಲ್ಲು ಮುಟ್ಟಿ ಕಣ್ಣಿಗೊತ್ತಿಕೊಂಡರು. ಕಾರಿನಲ್ಲಿ ಬಂದವರು ಹತ್ತು ಫೋಟೋ ಹೊಡೆದು ಹೊರಟುಹೋದರು. ಅಜ್ಜಿಗೆ ವಾಪಸ್ ಬಸ್ಸು ಬರುವವರೆಗೆ ಅಲ್ಲೇ ಇರಬೇಕು. ಬುತ್ತಿ ಬಿಚ್ಚಿ ಉಂಡರು, ಪೂಜಾರಿಗಳನ್ನು ಹಳೇ ಕಥೆ ಕೇಳಿದರು, ಊರಿಗೆ ಹೋಗಿ ಹತ್ತು ಜನಕ್ಕೆ ಹೇಳಿದ್ದಾರು. ಬಸ್ಸಿನಲ್ಲಿ ಹೋದರೆ ಸಿಗುವ ಲಾಭ ಇದೇ. ಬಸ್ಸು ಬರುವ ತನಕ ಕೋಟೆ ನಿಮ್ಮನ್ನು ಬಿಡೋದಿಲ್ಲ!

ಹೊರಡುವವರಿಗೆ ಎರಡು ಮಾತು. ಇಳಿದ ತಕ್ಷಣ ಕಂಡಕ್ಟರನ್ನೋ ಅಂಗಡಿಯವರನ್ನೋ ಕೇಳಿ ಕೊನೆಯ ಬಸ್ಸಿನ ಹೊತ್ತು ತಿಳಿದುಕೊಳ್ಳಿ. ಹಳ್ಳಿಯ ಬಸ್ಸು ಸಿನಿಮಾದ ಸೆಕೆಂಡ್ ಷೋ ಅಲ್ಲ, ತಡವಾದವರಿಗೆ ಬಾಲ್ಕನಿ ಇಲ್ಲ. ನೀರು, ಬುತ್ತಿ ಕೈಯಲ್ಲಿರಲಿ. ಮಳೆಯಲ್ಲಿ ಸಾವನದುರ್ಗ ಹತ್ತುವ ಸಾಹಸ ಬೇಡ, ಹೀರೋಗೆ ಡೂಪ್ ಇರ್ತಾನೆ, ನಿಮಗಿಲ್ಲ. ಗೋಡೆಯ ಮೇಲೆ ಹೃದಯ ಕೊರೆದು ಹೆಸರು ಬರೆಯುವ ಪ್ರೇಮಿಗಳಿಗೆ ಒಂದು ಕೈಮುಗಿದು ಬೇಡಿಕೆ: ನಿಮ್ಮ ಪ್ರೇಮ ನೂರು ವರ್ಷ ಬಾಳಲಿ, ಆದರೆ ಅದನ್ನು ಕಾಗದದ ಮೇಲೆ ಬರೀರಿ.

ದೂರ ಹೋಗಲು ಆಗದವರು ಹಸಿರು ಮಾರ್ಗದ ಮೆಟ್ರೋ ಹತ್ತಿ. ಜಯನಗರ ದಾಟಿ ಸೌತ್ ಎಂಡ್ ಸರ್ಕಲ್, ಆಮೇಲೆ ಲಾಲ್‌ಬಾಗ್. ಅಲ್ಲಿ ಇಳಿದರೆ ಬಂಡೆಯ ಮೇಲೆ ಕೆಂಪೇಗೌಡರ ಗೋಪುರ. ಗೋಪುರಕ್ಕೆ ನಾನೂರು ವರ್ಷದ ಲೆಕ್ಕವಾದರೆ, ಕೆಳಗಿನ ಬಂಡೆಗೆ ಮುನ್ನೂರು ಕೋಟಿ ವರ್ಷದ ಲೆಕ್ಕ ಹೇಳ್ತಾರೆ ಭೂಗರ್ಭದವರು. ಮುಂದೆ ನ್ಯಾಷನಲ್ ಕಾಲೇಜ್, ಅದು ಬಿಟ್ಟರೆ ಮಾರ್ಕೆಟ್. ಇಳಿದು ಎದ್ದು ಬಂದರೆ ಕೋಟೆ.

ಯಾವ ಕೋಟೆಯನ್ನು ಸರ್ಕಾರದ ಬೋರ್ಡೊಂದೇ ಕಾದಿದೆ ಹೇಳಿ? ಜನ ಹೋಗಿ ಬರುವ ಕಲ್ಲಿಗೆ ಕೈ ಹಾಕಲು ಯಾರಾದರೂ ಹೆದರ್ತಾರೆ. ಯಾರೂ ಹೋಗದ ಕಲ್ಲು ಯಾವತ್ತಾದರೂ ಯಾರದೋ ಮನೆಯ ಮೆಟ್ಟಿಲಾಗುತ್ತೆ. ಬಹಾದೂರ್ ಖಾನ್ ಆ ಬಾಗಿಲಿಗಾಗಿ ಪ್ರಾಣ ಕೊಟ್ಟ. ನಮ್ಮಿಂದ ಕೇಳ್ತಾ ಇರೋದು ಪ್ರಾಣ ಅಲ್ಲ ಸ್ವಾಮಿ, ಭಾನುವಾರದ ಒಂದು ಗಂಟೆ, ಒಂದು ಬಸ್ ಟಿಕೆಟ್ಟು. ಮ್ಯಾಟಿನಿಗೆ ಹೊರಟವರು ಒಂದು ಗಂಟೆ ಮುಂಚೆ ಮನೆ ಬಿಡಿ, ಸಾಕು. ಹೋಗಿಬಂದವರು ಕಂಡದ್ದನ್ನು ಬರೆದು ಕಳಿಸಿ. ಮುಂದಿನ ವಾರ ಮತ್ತೆ ಕಾಣೋಣ.