ನಗರದ ಈಜುಕೊಳಗಳ ಬಾಗಿಲು ನಮ್ಮ ಮಕ್ಕಳಿಗೂ ತೆರೆಯಲಿ

ಬೆಂಗಳೂರಿನ ತಂದೆ ತಾಯಂದಿರೇ, ಶಿಕ್ಷಕರೇ, ಬಡಾವಣೆಯ ಬಂಧುಗಳೇ,

2024ರ ನವೆಂಬರಿನಲ್ಲಿ ಉಳ್ಳಾಲದ ಹತ್ತಿರ ಒಂದು ರೆಸಾರ್ಟಿನ ಈಜುಕೊಳದಲ್ಲಿ ಮೈಸೂರಿನ ಮೂವರು ಕಾಲೇಜು ಹುಡುಗಿಯರು ಮುಳುಗಿ ಪ್ರಾಣ ಬಿಟ್ಟರು. ಒಬ್ಬಳು ಆಳದ ಕಡೆ ಸರಿದಳು. ಅವಳನ್ನು ಹಿಡಿಯಲು ಹೋದವಳೂ ಮುಳುಗಿದಳು. ಇಬ್ಬರನ್ನೂ ಎಳೆಯಲು ಹೋದ ಮೂರನೆಯವಳೂ ಉಳಿಯಲಿಲ್ಲ. ಮೂವರಿಗೂ ಈಜು ಬರುತ್ತಿರಲಿಲ್ಲ. ಅದು ಸಮುದ್ರವಲ್ಲ, ತುಂಬಿದ ಹೊಳೆಯೂ ಅಲ್ಲ. ನಾಲ್ಕೂ ಕಡೆ ಕಟ್ಟೆಯಿದ್ದ, ಸುಮಾರು ಆರಡಿ ಆಳದ ಕೊಳ. ಮರುತಿಂಗಳೇ ಮುರ್ಡೇಶ್ವರದ ಕಡಲಲ್ಲಿ, ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದಿದ್ದ ವಸತಿ ಶಾಲೆಯ ನಾಲ್ವರು ಬಾಲಕಿಯರು ಅಲೆಗಳ ಪಾಲಾದರು.

ಇಂಥ ಸುದ್ದಿ ಬಂದಾಗಲೆಲ್ಲ ಎರಡು ದಿನ ಮರುಗುತ್ತೇವೆ, ‘ಆಯುಸ್ಸು ಅಷ್ಟೇ ಇತ್ತು’ ಎಂದು ಸುಮ್ಮನಾಗುತ್ತೇವೆ. ಆಯುಸ್ಸಿನ ಮಾತಲ್ಲ ಇದು. ನಮ್ಮ ದೇಶದಲ್ಲಿ ವರ್ಷಕ್ಕೆ 35 ಸಾವಿರಕ್ಕೂ ಹೆಚ್ಚು ಜನ ನೀರಿನಲ್ಲಿ ಮುಳುಗಿ ಸಾಯುತ್ತಿದ್ದಾರೆ ಎಂದು ಸರ್ಕಾರದ ದಾಖಲೆಯೇ ಹೇಳುತ್ತದೆ. ಇವರಲ್ಲಿ ಎಷ್ಟೋ ಜನ ಒಂದೆರಡು ನಿಮಿಷ ತೇಲಲು ಕಲಿತಿದ್ದರೆ ಮನೆಗೆ ಮರಳುತ್ತಿದ್ದರು.

‘ಬೆಂಗಳೂರಲ್ಲಿ ಹೊಳೆ ಎಲ್ಲಿದೆ, ನಮಗ್ಯಾಕೆ ಈಜು?’ ಎನ್ನುವವರಿದ್ದಾರೆ. ನಿಮ್ಮ ಮನೆಯ ಗೇಟಿನ ಒಳಗೆ ಕಾಲಿಟ್ಟ ಕೂಡಲೇ ಸಿಗುವ ಸಂಪು ನೋಡಿ. ತುಕ್ಕು ಹಿಡಿದ ತಗಡಿನ ಮುಚ್ಚಳ, ಬೀಗವಿಲ್ಲ. ಟ್ಯಾಂಕರಿನವನು ಪೈಪು ಬಿಟ್ಟು ಹೋದಮೇಲೆ ಅರ್ಧ ಸರಿದೇ ಇರುತ್ತದೆ. ಅಂಬೆಗಾಲಿಡುವ ಕೂಸಿಗೆ ಅಷ್ಟು ಸಂದು ಸಾಕು. ಕಟ್ಟಡ ಕಟ್ಟುವಲ್ಲಿ ಪಾಯದ ಗುಂಡಿಗೆ ಮಳೆನೀರು ನಿಲ್ಲುತ್ತದೆ, ಅದರ ಅಂಚಿನಲ್ಲೇ ಕೂಲಿಕಾರರ ಮಕ್ಕಳು ಆಡುತ್ತಿರುತ್ತಾರೆ. ಬೇಸಿಗೆ ರಜೆಗೆ ಅಜ್ಜಿ ಊರಿಗೆ ಹೋದರೆ ಕೃಷಿ ಹೊಂಡ. ಕಾಲೇಜು ಹುಡುಗರು ಭಾನುವಾರ ಬೈಕು ಹತ್ತಿದರೆ ಮುತ್ತತ್ತಿ, ಸಂಗಮ. ಅಲ್ಲಿ ಕಾವೇರಿ ಮೇಲೆ ಶಾಂತ, ಒಳಗೆ ಸುಳಿ ಮತ್ತು ಮಡು. 2023ರ ಮೇ ತಿಂಗಳ ಒಂದೇ ಮಳೆಗೆ ಕೆ.ಆರ್. ವೃತ್ತದ ಅಂಡರ್‌ಪಾಸ್ ತುಂಬಿ, ಕಾರಿನಲ್ಲಿದ್ದ ಯುವತಿಯೊಬ್ಬಳು ಊರ ನಟ್ಟನಡುವೆ ಪ್ರಾಣ ಕಳೆದುಕೊಂಡಳು. ನೀರು ನಿಂತ ಅಂಡರ್‌ಪಾಸಿಗೆ ಗಾಡಿ ಇಳಿಸಬಾರದು ಎಂಬುದೂ ಕಲಿಯಬೇಕಾದ ಪಾಠವೇ.

ಹಳ್ಳಿಯಲ್ಲಿ ಈಜು ಕಲಿಸಲು ಯಾರೂ ದುಡ್ಡು ಕೇಳುತ್ತಿರಲಿಲ್ಲ. ಬೆನ್ನಿಗೆ ಒಣಗಿದ ಸೋರೆಬುರುಡೆಯನ್ನೋ ಬೆಂಡನ್ನೋ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು, ಸೋದರಮಾವ ಬಾವಿಗೆ ಇಳಿಸುತ್ತಿದ್ದ. ಈ ನಗರದಲ್ಲಿ ಬಾವಿ ಮುಚ್ಚಿದ್ದೇವೆ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಉಳಿದ ಎಷ್ಟೋ ಕೆರೆಗಳಲ್ಲಿ ಒಳಚರಂಡಿ ನೀರು, ಕಾಲಿಡುವ ಹಾಗಿಲ್ಲ. ಇಷ್ಟು ಕೆರೆಗಳನ್ನು ನುಂಗಿದ ಊರು ಮಕ್ಕಳಿಗೆ ಈಜಲು ಒಂದು ಕೊಳವನ್ನಾದರೂ ಕೊಡಬೇಕು. ಇದು ಉಪಕಾರವಲ್ಲ, ತೀರಿಸಬೇಕಾದ ಋಣ.

ಕೊಳಗಳು ಇಲ್ಲವೇ ಇಲ್ಲ ಎಂದಲ್ಲ. ಬಸವನಗುಡಿ, ಜಯನಗರ, ಸದಾಶಿವನಗರ, ಹಲಸೂರುಗಳಲ್ಲಿ ಈಜುಕೊಳಗಳಿವೆ. ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋದ ಭಾರತದ ಇಬ್ಬರು ಈಜುಗಾರರು, ಶ್ರೀಹರಿ ನಟರಾಜ್ ಮತ್ತು ಧಿನಿಧಿ ದೇಸಿಂಗು, ಈ ಊರಿನವರೇ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಈಜಿದ ನಿಶಾ ಮಿಲೆಟ್ ಐದನೇ ವಯಸ್ಸಿನಲ್ಲಿ ಮುಳುಗಿ ಬದುಕಿ ಬಂದವರು. ನೀರಿನ ಭಯ ಹೋಗಲಿ ಎಂದು ತಂದೆ ಅವರನ್ನು ಈಜಿಗೆ ಹಚ್ಚಿದರು. ಹಾಗೆ ಕೊಳದವರೆಗೆ ಕರೆದೊಯ್ಯುವ ಶಕ್ತಿ ಎಷ್ಟು ಅಪ್ಪಂದಿರಿಗಿದೆ? ಬೇಸಿಗೆ ಶಿಬಿರದ ಶುಲ್ಕ, ಈಜುಡುಗೆ, ಟೋಪಿ, ಕನ್ನಡಕ, ಹೋಗಿಬರುವ ಆಟೋ ಎಲ್ಲ ಸೇರಿದರೆ ಗಾರ್ಮೆಂಟ್ಸ್‌ನಲ್ಲಿ ದುಡಿಯುವ ತಾಯಿಯ ತಿಂಗಳ ದಿನಸಿಯೇ ಕರಗಿಹೋಗುತ್ತದೆ. ಮಗಳು ದೊಡ್ಡವಳಾದಮೇಲಂತೂ ‘ಆ ಬಟ್ಟೆ ಹಾಕಿಕೊಂಡು ಗಂಡಸರ ಮುಂದೆ ಹೇಗೆ’ ಎಂಬ ಸಂಕೋಚಕ್ಕೆ ಕಲಿಕೆ ಅಲ್ಲಿಗೇ ನಿಲ್ಲುತ್ತದೆ. ಉಳ್ಳಾಲದಲ್ಲೂ ಮುರ್ಡೇಶ್ವರದಲ್ಲೂ ಹೋದವರು ಹೆಣ್ಣುಮಕ್ಕಳು ಎಂಬುದನ್ನು ಮರೆಯಬೇಡಿ.

ಆದ್ದರಿಂದ ಬೆಂಗಳೂರಿನ ಐದೂ ನಗರ ಪಾಲಿಕೆಗಳ ಮುಂದೆ ನಮ್ಮ ಬೇಡಿಕೆ ಇದು. ಪಾಲಿಕೆ ಮತ್ತು ಸರ್ಕಾರಿ ಶಾಲೆಗಳ ಐದನೇ ತರಗತಿಯ ಪ್ರತಿ ಮಗುವಿಗೂ ಶಾಲೆಯ ಅವಧಿಯಲ್ಲೇ ಉಚಿತವಾಗಿ ಈಜು ಕಲಿಸಿ. ಬೆಳಗಿನ ಬ್ಯಾಚು ಮುಗಿದು ಸಂಜೆಯ ಬ್ಯಾಚು ಶುರುವಾಗುವ ನಡುವಿನ ಹೊತ್ತನ್ನು ಈ ಮಕ್ಕಳಿಗೆ ಬಿಡಿ. ಪದಕ ಬೇಡ, 25 ಮೀಟರ್ ಈಜಲಿ, ಅಂಗಾತ ಮಲಗಿ ಒಂದು ನಿಮಿಷ ತೇಲಲಿ, ಮುಳುಗುತ್ತಿರುವವರನ್ನು ದಡದಿಂದಲೇ ಎಳೆಯುವುದು ತಿಳಿಯಲಿ. ಹೆಂಗಸರಿಗೆ ದಿನವೂ ಪ್ರತ್ಯೇಕ ಹೊತ್ತು, ಮಹಿಳಾ ತರಬೇತುದಾರರು, ಮೈತುಂಬ ಮುಚ್ಚುವ ಈಜುಡುಗೆಗೆ ಅನುಮತಿ ಇರಲಿ. ಕೊಳವಿಲ್ಲದ ಬಡಾವಣೆಗೆ ಬಿಡಿಭಾಗ ಜೋಡಿಸುವ ತಾತ್ಕಾಲಿಕ ಕೊಳ ಬರಲಿ. ದುಡ್ಡಿಲ್ಲ ಎಂಬ ಉತ್ತರ ಒಪ್ಪುವುದಿಲ್ಲ. ನಮಗಿಂತ ಬಡದೇಶವೆನಿಸಿಕೊಂಡ ಬಾಂಗ್ಲಾದೇಶದಲ್ಲಿ ಊರ ಕೊಳಗಳಲ್ಲೇ ಬಿದಿರಿನ ಅಟ್ಟಣೆ ಕಟ್ಟಿ ಲಕ್ಷಾಂತರ ಮಕ್ಕಳಿಗೆ ಈಜು ಕಲಿಸಿದ್ದಾರೆ. ಹಾಗೆ ಕಲಿತ ಮಕ್ಕಳಲ್ಲಿ ಮುಳುಗಿ ಸಾಯುವುದು ತೀರಾ ಕಡಿಮೆಯಾಗಿದೆ.

ಪಾಲಿಕೆ ಏಳುವವರೆಗೆ ಕಾಯಬೇಡಿ. ಇಷ್ಟನ್ನು ಇಂದೇ ಮನೆಯಲ್ಲಿ ಹೇಳಿಕೊಡಿ. ಮುಳುಗುವವರು ಸಿನಿಮಾದಲ್ಲಿ ತೋರಿಸುವ ಹಾಗೆ ಕೂಗುವುದಿಲ್ಲ, ಕೈ ಬೀಸುವುದಿಲ್ಲ. ಬಾಯಿ ನೀರಿನ ಮಟ್ಟಕ್ಕಿರುತ್ತದೆ, ತಲೆ ಹಿಂದಕ್ಕೆ ವಾಲಿರುತ್ತದೆ, ಸದ್ದಿಲ್ಲದೆ ಒಂದು ನಿಮಿಷದೊಳಗೆ ಕೆಳಗೆ ಹೋಗುತ್ತಾರೆ. ಹಾರಿ ಹಿಡಿಯಲು ಹೋಗಬೇಡಿ. ಸೀರೆ, ದುಪಟ್ಟಾ, ಬಿದಿರು, ಹಗ್ಗ ಕಟ್ಟಿದ ಖಾಲಿ ಕ್ಯಾನು, ಸಿಕ್ಕಿದ್ದನ್ನು ಎಸೆಯಿರಿ. ಮೇಲೆ ತಂದಮೇಲೆ ಹೊಟ್ಟೆ ಒತ್ತಬೇಡಿ, ಕಾಲು ಹಿಡಿದು ಗಿರಗಿರ ತಿರುಗಿಸಬೇಡಿ. ಬಳ್ಳಾರಿ ಜಿಲ್ಲೆಯ ಹಳ್ಳಿಯೊಂದರಲ್ಲಿ 2022ರಲ್ಲಿ, ಮುಳುಗಿದ ಬಾಲಕ ಬದುಕುತ್ತಾನೆಂದು ನಂಬಿ ಗಂಟೆಗಟ್ಟಲೆ ಉಪ್ಪಿನ ರಾಶಿಯಲ್ಲಿ ಇಟ್ಟಿದ್ದರು. ಆ ಹೆತ್ತವರನ್ನು ದೂರುವುದು ಬೇಡ. ಅವರಿಗೆ ಸರಿಯಾದದ್ದನ್ನು ಯಾರೂ ಕಲಿಸಿರಲಿಲ್ಲ. ಉಸಿರಿಲ್ಲದಿದ್ದರೆ ಅಂಗಾತ ಮಲಗಿಸಿ, ಮೂಗು ಮುಚ್ಚಿ ಬಾಯಿಗೆ ಬಾಯಿಟ್ಟು ಉಸಿರು ಕೊಡಿ. ಎದೆಯ ನಡುವೆ 30 ಸಲ ಜೋರಾಗಿ ಒತ್ತಿ, ಮತ್ತೆ ಎರಡು ಉಸಿರು. ಆಂಬುಲೆನ್ಸ್ ಬರುವವರೆಗೂ ನಿಲ್ಲಿಸಬೇಡಿ. 108ಕ್ಕೋ 112ಕ್ಕೋ ಪಕ್ಕದಲ್ಲಿರುವವರು ಕರೆ ಮಾಡಲಿ.

ಇನ್ನು ಮಾಡಬೇಕಾದ ಕೆಲಸ. ನಿಮ್ಮ ಪಾಲಿಕೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ: ನಮ್ಮ ವ್ಯಾಪ್ತಿಯಲ್ಲಿ ಪಾಲಿಕೆಯ ಈಜುಕೊಳ ಎಷ್ಟು, ನಡೆಸುವವರು ಯಾರು, ಶುಲ್ಕ ಎಷ್ಟು, ಬಡ ಮಕ್ಕಳಿಗೆ ಎಷ್ಟು ಜಾಗ? ಅರ್ಜಿಯ ಶುಲ್ಕ 10 ರೂಪಾಯಿ, ಅರ್ಜಿ 150 ಪದ ಮೀರಬಾರದು, ಉತ್ತರಕ್ಕೆ 30 ದಿನದ ಗಡುವು. ಬಿಪಿಎಲ್ ಕುಟುಂಬಕ್ಕೆ ಆ ಹತ್ತು ರೂಪಾಯಿಯೂ ಬೇಡ. ಶಾಲೆಯ ಎಸ್‌ಡಿಎಂಸಿ ಸಭೆಯಲ್ಲಿ ಈಜು ಕಲಿಕೆಯ ನಿರ್ಣಯ ಬರೆಸಿ, ಅದರ ಪ್ರತಿಯನ್ನು ವಾರ್ಡ್ ಸಮಿತಿಗೂ ಶಾಸಕರಿಗೂ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ವೋಟು ಕೇಳಲು ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಇದೊಂದು ಪ್ರಶ್ನೆ ಕೇಳಿ.

ಓದಿದ ಮೇಲೆ ಈ ಕಾಗದವನ್ನು ಪಕ್ಕದ ಮನೆಗೆ ಕೊಡಿ. ಅರ್ಜಿ ಬರೆಯಲು ಬಾರದವರಿಗೆ ನೀವೇ ಬರೆದುಕೊಡಿ. ಅದಕ್ಕೂ ಮೊದಲು ಹೊರಗೆ ಹೋಗಿ ನಿಮ್ಮ ಸಂಪಿನ ಮುಚ್ಚಳಕ್ಕೆ ಬೀಗ ಹಾಕಿ ಬನ್ನಿ.

ನಿಮ್ಮ ನೆರೆಹೊರೆಯ ನಾಗರಿಕರು