ತೊಟ್ಟೆಯ ಸಾಂಬಾರು, ಕಾಗದ ಲೋಟದ ಚಾ

ಸಂಜೆ ಆರರ ಹೊತ್ತಿಗೆ ಪುತ್ತೂರಿನ ಬಸ್ ನಿಲ್ದಾಣದಲ್ಲಿ ಐದು ನಿಮಿಷ ನಿಂತರೆ ಸಾಕು. ಸುಳ್ಯದ ಬಸ್ಸು ಹತ್ತುವವರ, ಕಡಬದ ಬಸ್ಸಿಗೆ ಕಾಯುವವರ ಕೈಯಲ್ಲಿ ಒಂದೊಂದು ಪಾರ್ಸೆಲು ಉಂಟು. ಬಿಚ್ಚಿ ನೋಡಿದರೆ ಹೊರಗೆ ಪೇಪರು, ಒಳಗೆ ಬಾಳೆ ಎಲೆಯ ಚಿತ್ರ ಬಿಡಿಸಿದ ಹಸಿರು ಪ್ಲಾಸ್ಟಿಕ್ ಹಾಳೆ! ಮನೆ ಹಿತ್ತಿಲಲ್ಲಿ ಬಾಳೆ ಇರುವ ಊರಿನ ಅವಸ್ಥೆ ಇದು. ಪಕ್ಕದಲ್ಲಿ ನೂಲು ಸುತ್ತಿದ ತೊಟ್ಟೆಯೊಳಗೆ ಕುದಿಯುವ ಸಾಂಬಾರು. ಅದು ಮನೆ ಮುಟ್ಟುವಾಗ ಗಂಟೆಯೊಂದು ಕಳೆದಿರುತ್ತದೆ. ಅಷ್ಟು ಹೊತ್ತೂ ತೊಟ್ಟೆ ಬಿಸಿಯಲ್ಲಿ ಬೇಯುತ್ತಲೇ ಇರುತ್ತದೆ.

ಐದು ಮಿಲಿಮೀಟರಿಗಿಂತ ಸಣ್ಣ ಪ್ಲಾಸ್ಟಿಕ್ ಚೂರಿಗೆ ಮೈಕ್ರೋಪ್ಲಾಸ್ಟಿಕ್ ಎನ್ನುತ್ತಾರೆ. ಹೆಚ್ಚಿನವು ಕಣ್ಣಿಗೆ ಕಾಣವು. ಪ್ಲಾಸ್ಟಿಕ್ ಸವೆದಲ್ಲಿ, ಬಿಸಿಲಿಗೆ ಒಡೆದಲ್ಲಿ, ಎಲ್ಲಕ್ಕಿಂತ ಮುಖ್ಯವಾಗಿ ಬಿಸಿ ತಾಗಿದಲ್ಲಿ ಅದು ಉದುರುತ್ತದೆ. 2024ರ ಮಾರ್ಚ್‌ನಲ್ಲಿ ಇಟಲಿಯ ವೈದ್ಯರು ಪ್ರಕಟಿಸಿದ ವರದಿಯಂತೆ, ಕತ್ತಿನ ರಕ್ತನಾಳದಿಂದ ತೆಗೆದ ಕೊಬ್ಬಿನಲ್ಲಿ ಪ್ಲಾಸ್ಟಿಕ್ ಸಿಕ್ಕಿದ ರೋಗಿಗಳಿಗೆ, ಸಿಗದವರಿಗಿಂತ ಹೃದಯಾಘಾತ, ಪಾರ್ಶ್ವವಾಯು ಯಾ ಮರಣದ ಅಪಾಯ ನಾಲ್ಕೂವರೆ ಪಟ್ಟು ಕಂಡಿತು. ಪ್ಲಾಸ್ಟಿಕ್ಕೇ ಕಾರಣವೆಂದು ಆ ವೈದ್ಯರೂ ಹೇಳಿಲ್ಲ. ಆದರೆ ಪೂರ್ತಿ ಸಾಬೀತಾಗುವವರೆಗೆ ಬಿಸಿ ಸಾಂಬಾರನ್ನು ತೊಟ್ಟೆಯಲ್ಲೇ ಒಯ್ಯುತ್ತೇವೆ ಎಂಬ ಹಟ ಯಾಕೋ!

2025ರ ಫೆಬ್ರವರಿಯ ಇಡ್ಲಿ ಪ್ರಕರಣ ನೆನಪಿರಬಹುದು. ಆಹಾರ ಇಲಾಖೆಯವರು ರಾಜ್ಯದಲ್ಲಿ 251 ಕಡೆ ಪರೀಕ್ಷಿಸಿದಾಗ 52 ಕಡೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆಯ ಮೇಲೆ ಇಡ್ಲಿ ಬೇಯುತ್ತಿತ್ತು. ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅದನ್ನು ನಿಷೇಧಿಸಿದರು. ಹಲಸಿನ ಎಲೆಯ ಕೊಟ್ಟೆಯಲ್ಲೂ ಮುಂಡೇವಿನ ಓಲೆಯ ಮೂಡೆಯಲ್ಲೂ ಹಿಟ್ಟು ಬೇಯಿಸಲು ಬಲ್ಲ ಈ ಮೂರು ತಾಲೂಕಿನವರಿಗೆ ಈ ಪಾಠ ಬೆಂಗಳೂರಿನಿಂದ ಬರಬೇಕಾಗಿರಲಿಲ್ಲ.

ಇನ್ನು ಕಾಗದದ ಲೋಟ. "ಇದು ಪೇಪರು ಮಾರಾಯ್ರೆ, ಪ್ಲಾಸ್ಟಿಕ್ ಅಲ್ಲ" ಎಂದು ಚಾ ಅಂಗಡಿಯವರು ಧೈರ್ಯ ಹೇಳುತ್ತಾರೆ. ಬರೀ ಕಾಗದವಾದರೆ ಚಾ ಸೋರದೆ ನಿಂತೀತೇ? ಒಳಗೆ ಪ್ಲಾಸ್ಟಿಕ್ಕಿನ ತೆಳು ಪೊರೆ ಇರುತ್ತದೆ. 2020ರಲ್ಲಿ ಖರಗ್‌ಪುರದ ಐಐಟಿಯವರು ನೋಡಿದಂತೆ, ಅಂಥ ಲೋಟದಲ್ಲಿ 100 ಮಿಲಿ ಬಿಸಿ ನೀರು 15 ನಿಮಿಷ ಇದ್ದರೆ ಸುಮಾರು 25,000 ಕಣಗಳು ಅದಕ್ಕೆ ಸೇರುತ್ತವೆ. ದಿನಕ್ಕೆ ಮೂರು ಚಾ ಕುಡಿಯುವ ಕಂಡಕ್ಟರು ಲೆಕ್ಕ ಹಾಕಿಕೊಳ್ಳಲಿ.

ಕೊರೊನಾ ಕಾಲದಲ್ಲಿ ಗಾಜಿನ ಲೋಟ ಮೂಲೆಗೆ ಬಿತ್ತು. ಅದಕ್ಕೆ ಕಾರಣವಿಲ್ಲದಿಲ್ಲ. ಒಂದೇ ಬಕೆಟು ನೀರಲ್ಲಿ ನೂರು ಲೋಟ ಅದ್ದಿ ತೆಗೆಯುವುದನ್ನು ಕಂಡ ಗಿರಾಕಿ ಕಾಗದದ ಲೋಟವೇ ಕೊಡಿ ಎನ್ನದೆ ಇನ್ನೇನು ಹೇಳಿಯಾನು? ಹಂಡೆಯಲ್ಲಿ ಕುದಿ ನೀರಿಟ್ಟು ತೊಳೆದರೆ ಈ ದೂರು ಉಳಿಯುವುದಿಲ್ಲ. ಒಲೆ ಹೇಗೂ ಇಡೀ ದಿನ ಉರಿಯುತ್ತದೆ.

ಅಂಗಡಿಯವರದ್ದೂ ಒಂದು ಮಾತುಂಟು. ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳನ್ನು ರಾಜ್ಯ ಸರಕಾರ ನಿಷೇಧಿಸಿದ್ದು 2016ರ ಮಾರ್ಚ್‌ನಲ್ಲಿ. ಕೇಂದ್ರದ ನಿಷೇಧ 2022ರ ಜುಲೈ 1ರಿಂದ. ದಾಳಿ ಅಂದರೆ ಜೀನಸಿನ ಸಣ್ಣ ಅಂಗಡಿಗೆ. ತೊಟ್ಟೆ ಮಾಡುವ ಕಾರ್ಖಾನೆಗೆ ಎಷ್ಟು ಸಲ? ಈ ಪ್ರಶ್ನೆ ನ್ಯಾಯವಾದದ್ದೇ. "ತೊಟ್ಟೆ ಇಲ್ಲ ಅಂದರೆ ಗಿರಾಕಿ ಆಚೆ ಅಂಗಡಿಗೆ ಹೋಗ್ತಾನೆ" ಎನ್ನುವುದೂ ಸುಳ್ಳಲ್ಲ. ಬರಿಗೈ ಬೀಸಿಕೊಂಡು ಪೇಟೆಗೆ ಬಂದು, ಮನೆಯಲ್ಲಿ ಕುಳಿತು ಪರಿಸರದ ಭಾಷಣ ಬಿಗಿಯುವ ಗಿರಾಕಿಯ ಪಾಲು ಇದರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲ.

ಮನೆಯೊಳಗಿನ ಸಂಗತಿಯೇನು? ಮೆಟ್ಟುಕತ್ತಿ ಅಟ್ಟಕ್ಕೇರಿತು, ಪ್ಲಾಸ್ಟಿಕ್ ಮಣೆ ಬಂತು. ಚೂರಿ ಗೀಚಿದಷ್ಟೂ ಮಣೆಯ ಪುಡಿ ಪಲ್ಯಕ್ಕೆ. ಉಪ್ಪಿನಕಾಯಿ ಭರಣಿ ಬಿಟ್ಟು ಡಬ್ಬಿಗಿಳಿಯಿತು. ಒಲೆಯಿಂದ ಇಳಿಸಿದ ಅನ್ನ ಮಕ್ಕಳ ಪ್ಲಾಸ್ಟಿಕ್ ಬುತ್ತಿಗೆ ಬೀಳುತ್ತದೆ. ಸ್ಟೀಲಿನ ಬುತ್ತಿ ಕಪಾಟಿನಲ್ಲಿ ಮದುವೆ ಉಡುಗೊರೆಯಾಗಿ ಹಾಗೇ ಕೂತಿದೆ.

ಎಲ್ಲಕ್ಕಿಂತ ಕೆಟ್ಟದ್ದು ಬಚ್ಚಲ ಒಲೆ. ಮಳೆಗಾಲದಲ್ಲಿ ಒದ್ದೆ ಮಡಲು ಹಿಡಿಯುವುದಿಲ್ಲವೆಂದು ಹಾಲಿನ ತೊಟ್ಟೆ ತುರುಕಿ ಬೆಂಕಿ ಕೊಡುವ ಮನೆಗಳು ಹಳ್ಳಿಯಲ್ಲಿ ಬೇಕಾದಷ್ಟಿವೆ. ವಿಷದ ಹೊಗೆ ಸ್ನಾನಕ್ಕೆ ಬಂದವರ ಮೂಗಿಗೆ. ಪೂರ್ತಿ ಸುಡದೆ ಉಳಿದ ಚೂರು ಬೂದಿಯೊಡನೆ ಅಡಿಕೆ ಮರದ ಬುಡಕ್ಕೆ, ಬಸಳೆ ಚಪ್ಪರದಡಿಗೆ. ಬಸಳೆ ಮಾತ್ರ "ಮನೆಯದ್ದು, ಮದ್ದು ಬಿಡದ್ದು" ಎಂಬ ಹೆಮ್ಮೆಯಿಂದ ಪದಾರ್ಥವಾಗುತ್ತದೆ!

ಪುತ್ತೂರು ನಗರಸಭೆ, ಸುಳ್ಯ ಮತ್ತು ಕಡಬದ ಪಟ್ಟಣ ಪಂಚಾಯತ್‌ನವರು ಹೋಟೆಲಿನ ಲೈಸೆನ್ಸು ನವೀಕರಿಸುವಾಗ ಕುದಿ ನೀರಿನ ಹಂಡೆ ಉಂಟೋ ಇಲ್ಲವೋ, ಇಷ್ಟನ್ನಾದರೂ ನೋಡಬಾರದೇ? ಹೋಟೆಲಿನವರು ಪಾತ್ರೆ ತಂದ ಗಿರಾಕಿಗೆ ಪಾರ್ಸೆಲಿನಲ್ಲಿ ಎರಡು ರೂಪಾಯಿ ಬಿಟ್ಟುಕೊಡಲಿ. ತೊಟ್ಟೆ, ಹಾಳೆ, ನೂಲಿನ ಖರ್ಚು ಹೇಗೂ ಅವರಿಗೆ ಉಳಿಯುತ್ತದೆ. ಹಾಗೆಂದು ಗಲ್ಲದ ಮೇಜಿನ ಮುಂದೆ ಒಂದು ಬೋರ್ಡು ತೂಗಿದರೆ, ಮರುದಿನವೇ ಬಸ್ಸಿನಲ್ಲಿ ಎಷ್ಟು ಸ್ಟೀಲು ಕ್ಯಾರಿಯರು ಕಾಣುತ್ತವೆ ನೋಡಬಹುದು.